ಕ್ರೆಡಿಟ್ ಯೂನಿಯನ್ ಜಾಲತಾಣದ ಚಿತ್ರಗಳು: ಎಲ್ಲಿಡಬೇಕು, ಹೇಗೆ ಏರಿಸಬೇಕು, ಯಾರು ಇಳಿಸಬೇಕು

ಸದಸ್ಯರೇ ಮಾಲೀಕರಾದ ಸಹಕಾರಿ ಹಣಕಾಸು ಸಂಸ್ಥೆಗಳಾದ ಕ್ರೆಡಿಟ್ ಯೂನಿಯನ್‌ಗಳಲ್ಲಿ ಜಾಲತಾಣ ನೋಡಿಕೊಳ್ಳುವ ಹೊಣೆ ಹೆಚ್ಚಾಗಿ ಬೇರೆ ಕೆಲಸವಿರುವ ಒಬ್ಬರ ಹೆಗಲೇರುತ್ತದೆ. ಅವರು ಪ್ರಚಾರ ವಿಭಾಗದವರಾಗಿರಬಹುದು, ಇಲ್ಲವೇ ಕಂಪ್ಯೂಟರ್ ಚೆನ್ನಾಗಿ ಬರುತ್ತದೆಂಬ ಒಂದೇ ಕಾರಣಕ್ಕೆ ಸಿಕ್ಕಿಬಿದ್ದ ಸಾಲ ವಿಭಾಗದವರಾಗಿರಬಹುದು. ಅವರ ಮುಂದೆ ವಾರ್ಷಿಕ ಮಹಾಸಭೆಯ ನೂರಾರು ಫೋಟೊಗಳಿವೆ, ನಿರ್ದೇಶಕರ ಭಾವಚಿತ್ರಗಳಿವೆ, ವಾಹನ ಸಾಲದ ಬ್ಯಾನರ್ ಇದೆ, ಹೊಸ ಶಾಖೆಯ ಮುಂಭಾಗವಿದೆ. ಇವನ್ನೆಲ್ಲ ಜಾಲತಾಣದೊಳಗೇ ತುಂಬಿಸುವುದೋ, ಕ್ಲೌಡ್ ಫೋಲ್ಡರಿನಲ್ಲಿಡುವುದೋ, ದುಡ್ಡು ಕೊಟ್ಟು ಪ್ರತ್ಯೇಕ ವ್ಯವಸ್ಥೆ ಕೊಳ್ಳುವುದೋ ಎಂದು ವಿಚಾರಿಸಲು ಹೋದರೆ ಮಾರುವವರೆಲ್ಲ ತೋರಿಸುವುದು ಒಂದನ್ನೇ: ಹೀಗೆ ಎಳೆದು ಬಿಟ್ಟರೆ ಚಿತ್ರ ಏರಿತು.

ಚಿತ್ರ ಏರಿಸುವುದು ಇವತ್ತು ಎಲ್ಲ ವ್ಯವಸ್ಥೆಯಲ್ಲೂ ಸುಲಭ. ಆದ್ದರಿಂದ ಅದನ್ನು ನೋಡಿ ಆಯ್ಕೆ ಮಾಡಲು ಆಗುವುದಿಲ್ಲ. ಜನರ ಹಣ ಇಟ್ಟುಕೊಂಡಿರುವ ಸಂಸ್ಥೆ ಕೇಳಬೇಕಾದ ಪ್ರಶ್ನೆ ಬೇರೆ: ಎರಡು ವರ್ಷದ ನಂತರ ಈ ಚಿತ್ರವನ್ನು ತೆಗೆಯಬೇಕಾಗಿ ಬಂದರೆ, ಅದು ಎಲ್ಲೆಲ್ಲಿದೆ ಎಂದು ಗೊತ್ತಾಗುತ್ತದೆಯೇ? ತೆಗೆದ ಮೇಲೆ ನಿಜವಾಗಿಯೂ ಹೋಗುತ್ತದೆಯೇ?

ಮೊದಲು ಅಳತೆಗೋಲು

ಕ್ರೆಡಿಟ್ ಯೂನಿಯನ್ನಿನ ಚಿತ್ರಗಳು ಬೇಗ ಹಳತಾಗುತ್ತವೆ. ನಿರ್ದೇಶಕರ ಅವಧಿ ಮುಗಿಯುತ್ತದೆ, ಶಾಖಾ ವ್ಯವಸ್ಥಾಪಕರು ಕೆಲಸ ಬಿಡುತ್ತಾರೆ, ಕೊಡುಗೆಯ ಗಡುವು ದಾಟುತ್ತದೆ. ಮೊದಲು ಒಪ್ಪಿದ್ದ ಸದಸ್ಯರು ಈಗ ತಮ್ಮ ಫೋಟೊ ಬೇಡವೆನ್ನುತ್ತಾರೆ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮದ ಪ್ರಕಾರ, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕು ವ್ಯಕ್ತಿಗಿದೆ. ಹಿಂತೆಗೆಯುವುದು ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿರಬೇಕು. ಅಂಥ ಕಾನೂನಿಲ್ಲದ ಕಡೆಯೂ ಸದಸ್ಯರೇ ಮಾಲೀಕರಾದ ಸಂಸ್ಥೆ ಅವರ ಮಾತನ್ನು ಮೀರುವಂತಿಲ್ಲ. ಹಾಗಾಗಿ ಮೊದಲ ಅಳತೆಗೋಲು, ಇಳಿಸುವುದು ಎಷ್ಟು ಸುಲಭ ಎಂಬುದು.

ಎರಡನೆಯದು ಗೋಪ್ಯತೆ. ಕೌಂಟರಿನ ಫೋಟೊದ ಹಿನ್ನೆಲೆಯಲ್ಲಿ ಕಂಪ್ಯೂಟರ್ ಪರದೆ ಇರುತ್ತದೆ, ಅದರಲ್ಲಿ ಯಾರದೋ ಖಾತೆ ತೆರೆದಿರುತ್ತದೆ. ಬಹುಮಾನದ ದೊಡ್ಡ ಚೆಕ್ ಹಿಡಿದು ನಿಂತವರ ಪಕ್ಕದ ಮೇಜಿನ ಮೇಲೆ ನಿಜವಾದ ಚೆಕ್ ಬಿದ್ದಿರುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೊದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳೂ ಅಡಗಿರಬಹುದು. ಶಾಖೆಯ ಫೋಟೊ ಆದರೆ ಚಿಂತೆಯಿಲ್ಲ. ಸದಸ್ಯರ ಹೊಸ ಮನೆಯ ಮುಂದೆ ತೆಗೆದ ಗೃಹಸಾಲದ ಜಾಹೀರಾತಾದರೆ ಅದು ಅವರ ಮನೆಯ ವಿಳಾಸವೇ ಸರಿ.

ಮೂರನೆಯದು, ಕಣ್ಣು ಕಾಣದವರಿಗೂ ಚಿತ್ರದ ವಿಷಯ ದಕ್ಕಬೇಕು. ಜಾಲತಾಣಗಳ ಸುಲಭಲಭ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯೂಸಿಎಜಿ (2.2ನೆಯ ಆವೃತ್ತಿ ಬಂದದ್ದು 2023ರ ಅಕ್ಟೋಬರಿನಲ್ಲಿ) ಅರ್ಥವಿರುವ ಪ್ರತಿ ಚಿತ್ರಕ್ಕೂ ಪರ್ಯಾಯ ಪಠ್ಯ, ಅಂದರೆ ಚಿತ್ರದಲ್ಲಿರುವುದನ್ನು ಹೇಳುವ ಬರಹ, ಕೇಳುತ್ತದೆ. ಅಕ್ಷರಗಳನ್ನು ಚಿತ್ರವಾಗಿ ಕೊಡಬೇಡಿ ಎಂದೂ ಹೇಳುತ್ತದೆ. ನಾಲ್ಕನೆಯದು ಕಡತದ ತೂಕ. 12 ಮೆಗಾಪಿಕ್ಸೆಲ್ ಮೊಬೈಲಿನ ಫೋಟೊ 4032 ಅಡ್ಡ 3024 ಪಿಕ್ಸೆಲ್ ಇರುತ್ತದೆ, ಹಲವು ಎಂಬಿ ತೂಗುತ್ತದೆ. ಪುಟದಲ್ಲಿ ಅದಕ್ಕೆ ಸಿಗುವ ಜಾಗ ಅದರ ಕಾಲುಭಾಗವೂ ಅಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬುದು ಗೂಗಲ್ ಇಟ್ಟಿರುವ ಮಾನದಂಡ. ತಡವಾದರೆ ಕಾರಣ ಬಹುಪಾಲು ಆ ಮೇಲ್ಭಾಗದ ದೊಡ್ಡ ಬ್ಯಾನರ್.

ಐದನೆಯದು ಹಣ. ಹಣದ ಜೊತೆ ಕೈಗಳನ್ನೂ ಎಣಿಸಿ. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಒಬ್ಬರಿರುವ ಕಡೆ ದುಬಾರಿ ವ್ಯವಸ್ಥೆ ತಂದರೆ, ಆರು ತಿಂಗಳಲ್ಲಿ ಅದರೊಳಗೆ ಯಾರೂ ಕಾಲಿಡದಂತಾಗುತ್ತದೆ.

ಆಯ್ಕೆಗೆ ಮುನ್ನ ಎರಡು ಕತ್ತರಿ

ಯಾವ ವ್ಯವಸ್ಥೆ ಹಿಡಿದರೂ ಎರಡು ಬಗೆಯ ಕಡತಗಳನ್ನು ಮೊದಲೇ ಹೊರಗಿಡಿ. ಅರ್ಧ ತಲೆನೋವು ಅಲ್ಲೇ ಕಳೆಯುತ್ತದೆ.

ಒಂದು, ಬಡ್ಡಿದರ ಬರೆದ ಚಿತ್ರಗಳು. ದರವನ್ನು ಬ್ಯಾನರಿನೊಳಗೆ ಕೂರಿಸುವ ಚಪಲ ಎಲ್ಲ ವಿನ್ಯಾಸಕಾರರಿಗೂ ಇರುತ್ತದೆ. ದರ ಬದಲಾದ ದಿನ ಹೊಸ ಚಿತ್ರ ಮಾಡಿಸಬೇಕು, ಹಳೆಯದನ್ನು ಎಲ್ಲ ಕಡೆ ಬದಲಿಸಬೇಕು, ಆಗಲೂ ಕೆಲವರ ಬ್ರೌಸರಿನಲ್ಲಿ ಉಳಿದ ಹಳೆಯ ಪ್ರತಿ ಹಳೆಯ ದರವನ್ನೇ ತೋರಿಸುತ್ತದೆ. ಠೇವಣಿ ಇಡಲು ಬಂದವರು ಆ ದರವನ್ನು ಮೊಬೈಲಿನಲ್ಲಿ ತೋರಿಸಿ ವಾದಿಸಿದರೆ ಕೌಂಟರಿನವರು ಏನು ಹೇಳಬೇಕು? ಚಿತ್ರ ಬರಿದಾಗಿರಲಿ, ದರ ಅದರ ಮೇಲೆ ನಿಜವಾದ ಪಠ್ಯವಾಗಿ ಕೂರಲಿ. ಪಠ್ಯಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಬಣ್ಣವ್ಯತ್ಯಾಸವಿದ್ದರೆ ಸಾಮಾನ್ಯ ಗಾತ್ರದ ಅಕ್ಷರ ಹೆಚ್ಚಿನವರಿಗೆ ಓದಲು ಬರುತ್ತದೆ.

ಎರಡು, ಸದಸ್ಯರು ಕಳಿಸುವ ದಾಖಲೆಗಳು. ಸಾಲದ ಅರ್ಜಿಯ ಜೊತೆ ಬರುವ ಗುರುತಿನ ಚೀಟಿ, ಸಂಬಳದ ಚೀಟಿಗಳ ಫೋಟೊ ಕೂಡ ಚಿತ್ರವೇ, ಆದರೆ ಅವು ಜಾಲತಾಣದ ಚಿತ್ರಸಂಗ್ರಹದ ಹತ್ತಿರವೂ ಸುಳಿಯಕೂಡದು. ಕೆಲವು ಅಗ್ಗದ ಫಾರ್ಮ್ ಪ್ಲಗಿನ್‌ಗಳು (ಜಾಲತಾಣಕ್ಕೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು) ಲಗತ್ತುಗಳನ್ನು ಬ್ಯಾನರುಗಳಿರುವ ಸಾರ್ವಜನಿಕ ಫೋಲ್ಡರಿನಲ್ಲೇ ತಂದು ಇಡುತ್ತವೆ. ವಿಳಾಸ ಊಹಿಸಿದವರಿಗೆ ಅಲ್ಲಿ ಬಾಗಿಲು ತೆರೆದೇ ಇರುತ್ತದೆ. ನಿಮ್ಮ ಜಾಲತಾಣದಲ್ಲಿ ಅರ್ಜಿ ನಮೂನೆ ಇದ್ದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ, ಕಡತಗಳು ಎಲ್ಲಿ ಹೋಗುತ್ತವೆಂದು ಮೊದಲು ನೋಡಿ ಬನ್ನಿ. ದಾಖಲೆಗಳಿಗೆ ಲಾಗಿನ್ ಆದ ಮೇಲಷ್ಟೇ ತೆರೆಯುವ ಪ್ರತ್ಯೇಕ ಸುರಕ್ಷಿತ ಮಾರ್ಗ ಬೇಕು.

ಜಾಲತಾಣದ ಸ್ವಂತ ಮೀಡಿಯಾ ಲೈಬ್ರರಿ

ಜಾಲತಾಣ ನಡೆಸುವ ತಂತ್ರಾಂಶಗಳಾದ ವರ್ಡ್‌ಪ್ರೆಸ್, ಡ್ರೂಪಲ್ ಬಳಸುವವರಿಗೆ ಇದು ಕೈಗೆಟುಕಿದ ದಾರಿ. ಹೆಚ್ಚಿನ ಖರ್ಚಿಲ್ಲ, ಹೊಸ ಪಾಸ್‌ವರ್ಡಿಲ್ಲ. ವರ್ಡ್‌ಪ್ರೆಸ್ ಏರಿಸಿದ ಪ್ರತಿ ಚಿತ್ರದ ಹಲವು ಗಾತ್ರದ ಪ್ರತಿಗಳನ್ನು ತಾನೇ ಮಾಡಿಕೊಂಡು ಮೊಬೈಲಿಗೆ ಚಿಕ್ಕದನ್ನು, ದೊಡ್ಡ ಪರದೆಗೆ ದೊಡ್ಡದನ್ನು ಕೊಡುತ್ತದೆ. 2019ರಲ್ಲಿ ಬಂದ 5.3ನೆಯ ಆವೃತ್ತಿಯಿಂದ, 2560 ಪಿಕ್ಸೆಲ್ ಮೀರಿದ ಚಿತ್ರವನ್ನು ಆ ಮಿತಿಗೆ ಇಳಿಸಿ ಬಳಸುತ್ತದೆ. ಹಗುರವಾದ ಚಿತ್ರಕಡತಗಳಲ್ಲಿ ವೆಬ್‌ಪಿ ಬಗೆಯನ್ನು 2021ರಿಂದ, ಎವಿಐಎಫ್ ಬಗೆಯನ್ನು 2024ರಿಂದ ಸ್ವೀಕರಿಸುತ್ತಿದೆ. ತೂಕದ ಪರೀಕ್ಷೆಯಲ್ಲಿ ಪಾಸು.

ಜೋಡಣೆಯಲ್ಲಿ ಮಾತ್ರ ಅದು ಬಾಯಿ ಬಿಚ್ಚಿದ ಗೋಣಿಚೀಲ. ಕಡತಗಳು ವರ್ಷ, ತಿಂಗಳ ಲೆಕ್ಕದಲ್ಲಿ ಬೀಳುತ್ತವೆ; ಶಾಖೆ, ಕಾರ್ಯಕ್ರಮ ಎಂದು ವಿಂಗಡಿಸುವ ಫೋಲ್ಡರ್ ಮೂಲ ವರ್ಡ್‌ಪ್ರೆಸ್ಸಿನಲ್ಲಿ ಇಲ್ಲ, ಪ್ಲಗಿನ್ ಬೇಕು. ಚಿತ್ರ ಯಾವ ಪುಟಕ್ಕೆ ಸೇರಿದ್ದೆಂದು ತೋರಿಸುವ ಕಾಲಂ ಇದೆಯಲ್ಲ ಎನ್ನಬಹುದು. ಆ ಕಾಲಂ ಹೇಳುವುದು ಅದನ್ನು ಯಾವ ಪುಟದಿಂದ ಏರಿಸಲಾಯಿತು ಎಂಬುದನ್ನಷ್ಟೇ. ಆಮೇಲೆ ಅದೇ ಚಿತ್ರವನ್ನು ಇನ್ನೆಷ್ಟು ಪುಟಗಳಲ್ಲಿ ಬಳಸಿದರು ಎಂಬುದು ಅದಕ್ಕೆ ಗೊತ್ತಿಲ್ಲ. ಇದನ್ನು ನಂಬಿ ಅಳಿಸಿದರೆ ಎಲ್ಲೋ ಒಂದು ಪುಟದಲ್ಲಿ ಒಡೆದ ಚಿತ್ರ ಉಳಿಯುತ್ತದೆ. ಅಳಿಸದೆ ಬಿಟ್ಟರೆ ಕೆಲಸ ಬಿಟ್ಟವರ ಮುಖ ಉಳಿಯುತ್ತದೆ.

ಇನ್ನೂ ಒಂದನ್ನು ಬಹಳ ಜನ ಗಮನಿಸುವುದಿಲ್ಲ. ಪುಟ ಕರಡಾಗಿದ್ದರೂ ಅದಕ್ಕಾಗಿ ಏರಿಸಿದ ಚಿತ್ರ ಆ ಕ್ಷಣದಿಂದಲೇ ಸಾರ್ವಜನಿಕ. ಮುಂದಿನ ತಿಂಗಳು ಘೋಷಿಸಬೇಕಾದ ವಿಲೀನದ ಬ್ಯಾನರನ್ನು ಈಗಲೇ ಏರಿಸಿಟ್ಟರೆ, ವಿಳಾಸ ಗೊತ್ತಾದವರು ಈಗಲೇ ನೋಡಬಹುದು.

ಡ್ರೂಪಲ್ ಇಲ್ಲಿ ಒಂದು ಕೈ ಮೇಲು. ಪರ್ಯಾಯ ಪಠ್ಯ ಬರೆಯದೆ ಮುಂದೆ ಹೋಗದಂತೆ ಅದು ಮೊದಲಿಗೇ ತಡೆಯುತ್ತದೆ, ಚಿತ್ರಗಳಿಗೆ ನಮಗೆ ಬೇಕಾದ ಮಾಹಿತಿಯ ಕಾಲಂಗಳನ್ನು ಸೇರಿಸಲು ಬಿಡುತ್ತದೆ, ಸಾರ್ವಜನಿಕವಲ್ಲದ ಕಡತಗಳಿಗೆ ಬೇರೆ ಜಾಗವನ್ನೂ ಕೊಡುತ್ತದೆ. ಬದಲಿಗೆ ಕೇಳುವುದು ತಿಳಿದ ಡೆವಲಪರನ್ನು. ಚಿತ್ರಗಳಿಗೋಸ್ಕರವೇ ವರ್ಡ್‌ಪ್ರೆಸ್ ಬಿಟ್ಟು ಡ್ರೂಪಲ್ಲಿಗೆ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಕ್ಲೌಡ್ ಫೋಲ್ಡರ್

ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಇವು ಮೂಲ ಫೋಟೊಗಳನ್ನು ಇಡಲು ಒಳ್ಳೆಯ ಉಗ್ರಾಣ, ಸದಸ್ಯರಿಗೆ ಬಡಿಸಲು ಕೆಟ್ಟ ಅಡುಗೆಮನೆ. ಹಂಚಿಕೆಯ ಕೊಂಡಿಯನ್ನು ನೇರವಾಗಿ ಪುಟಕ್ಕೆ ಅಂಟಿಸಿದರೆ ಇವತ್ತು ಕಂಡ ಚಿತ್ರ ನಾಳೆ ಕಾಣದಿರಬಹುದು, ಯಾರೋ ಫೋಲ್ಡರಿನ ಅನುಮತಿ ಬದಲಿಸಿದರೂ ಸಾಕು. ಆದರೆ ಜಾಲತಾಣದ ಲೈಬ್ರರಿಯ ಜೊತೆಗೂಡಿಸಿದಾಗ ಇದು ಬಲವಾದ ಜೋಡಿ: ಮೂಲ ಇಲ್ಲಿ, ಹಗುರಗೊಳಿಸಿದ ಪ್ರತಿ ಅಲ್ಲಿ.

ಇಡುವಾಗ ಒಂದು ಎಚ್ಚರ ಬೇಕು. ಫೋಲ್ಡರ್ ಯಾರೊಬ್ಬರ ವೈಯಕ್ತಿಕ ಖಾತೆಯಲ್ಲಿದ್ದರೆ ಅವರು ಕೆಲಸ ಬಿಟ್ಟ ದಿನ ಹತ್ತು ವರ್ಷದ ಮಹಾಸಭೆಗಳೂ ಅವರ ಜೊತೆ ಹೊರಡುತ್ತವೆ. ಗೂಗಲ್ಲಿನ ಶೇರ್ಡ್ ಡ್ರೈವ್ ಬಗೆಯಲ್ಲಿ ಕಡತಗಳ ಒಡೆತನ ಸಂಸ್ಥೆಯದೇ ಆಗಿರುತ್ತದೆ. ಮೈಕ್ರೋಸಾಫ್ಟ್ ಬಳಸುವವರಿಗೆ ಶೇರ್‌ಪಾಯಿಂಟ್ ಅದೇ ಕೆಲಸ ಮಾಡುತ್ತದೆ. ಅದರಲ್ಲಿ ಪ್ರತಿ ಕಡತಕ್ಕೂ 'ಒಪ್ಪಿಗೆ ಇದೆಯೇ', 'ಯಾವಾಗ ತೆಗೆಯಬೇಕು' ಎಂಬ ಕಾಲಂಗಳನ್ನು ಸೇರಿಸಬಹುದಾದ್ದರಿಂದ, ಕಚೇರಿಗೆ ಈಗಾಗಲೇ ಆ ಚಂದಾ ಇದ್ದರೆ ಬೇರೆ ಖರ್ಚಿಗೆ ಕೈಹಾಕುವ ಮುನ್ನ ಅದನ್ನೇ ಪೂರ್ತಿ ಬಳಸಿ ನೋಡುವುದು ಜಾಣತನ.

ಚಿತ್ರ ಹಂಚುವ ಸೇವೆ

ಕ್ಲೌಡಿನರಿ, ಇಮ್‌ಜಿಕ್ಸ್ ಮೊದಲಾದವು ಈ ಗುಂಪು. ಒಂದು ದೊಡ್ಡ ಮೂಲಚಿತ್ರ ಕೊಟ್ಟರೆ ಸಾಕು, ಕೊಂಡಿಯಲ್ಲೇ ಅಗಲ, ಕತ್ತರಿಕೆ, ಗುಣಮಟ್ಟ ಬರೆದು ಬೇಕಾದ ರೂಪದಲ್ಲಿ ಪಡೆಯಬಹುದು. ನೋಡುವವರ ಬ್ರೌಸರ್ ಯಾವುದನ್ನು ತೆರೆಯಬಲ್ಲದೋ ಆ ಬಗೆಯಲ್ಲೇ ಚಿತ್ರ ಹೋಗುತ್ತದೆ. ವೇಗಕ್ಕೆ ಇದನ್ನು ಮೀರಿದ್ದಿಲ್ಲ. ಒಂದೇ ಮೂಲದಿಂದ ಎಲ್ಲ ಪುಟಗಳಿಗೂ ಹರಿಯುವುದರಿಂದ ಒಂದು ಕಡೆ ಬದಲಿಸಿದರೆ ಎಲ್ಲ ಕಡೆಯೂ ಬದಲಾಗುತ್ತದೆ. ಇಳಿಸುವ ಪರೀಕ್ಷೆಯಲ್ಲೂ ಇದು ಮುಂದು, ಒಂದು ಷರತ್ತಿನ ಮೇಲೆ: ಮೂಲ ಅಳಿಸಿದರೂ ಜಗತ್ತಿನ ಬೇರೆ ಬೇರೆ ಕಡೆಯ ಸರ್ವರುಗಳಲ್ಲಿ ಪ್ರತಿಗಳು ಸ್ವಲ್ಪ ಕಾಲ ಉಳಿಯುತ್ತವೆ. ಅವನ್ನೂ ತೆರವುಗೊಳಿಸುವ ಆದೇಶವನ್ನು ಬೇರೆಯಾಗಿ ಕೊಡಬೇಕು.

ಇದರ ಬೆಲೆ ಬಳಕೆಯ ಮೇಲೆ. ಉಚಿತ ಹಂತ ಇದ್ದರೂ ಓದುಗರು ಹೆಚ್ಚಿದ ತಿಂಗಳು ಮಿತಿ ದಾಟಬಹುದು. ಕೊಂಡಿಗಳೆಲ್ಲ ಆ ಸೇವೆಯ ವಿಳಾಸದಲ್ಲೇ ಇರುವುದರಿಂದ ನಾಳೆ ಬಿಟ್ಟು ಬರಬೇಕೆಂದರೆ ಪ್ರತಿ ಪುಟವನ್ನೂ ತಿದ್ದಬೇಕು. ಸಾಧ್ಯವಿದ್ದರೆ ನಿಮ್ಮದೇ ಉಪಡೊಮೇನ್ (ನಿಮ್ಮ ಜಾಲತಾಣದ ವಿಳಾಸದಡಿಯ ಉಪವಿಳಾಸ) ಮೂಲಕ ಚಿತ್ರ ಬರುವಂತೆ ಆರಂಭದಲ್ಲೇ ಮಾಡಿಸಿ. ಹಣಕಾಸು ಜಾಲತಾಣಕ್ಕೆ ಇನ್ನೊಂದು ತೊಡಕಿದೆ. ಯಾವ ಹೊರಗಿನ ವಿಳಾಸಗಳಿಂದ ಏನು ಬರಬಹುದು ಎಂಬ ಭದ್ರತಾ ಪಟ್ಟಿಗೆ ಈ ಸೇವೆಯನ್ನು ಸೇರಿಸಬೇಕಾಗುತ್ತದೆ. ಚಿತ್ರಗಳಿಗಷ್ಟೇ ಅನುಮತಿ ಕೊಡಿ. ಅವರ ಸ್ಕ್ರಿಪ್ಟ್ (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂ) ಲಾಗಿನ್ ಪುಟದಲ್ಲಿ ಓಡುವ ಅಗತ್ಯ ಖಂಡಿತ ಇಲ್ಲ.

ತಾನೇ ತಾನಾಗಿ ಕತ್ತರಿಸುವ ಸೌಲಭ್ಯವೂ ಎಲ್ಲ ಕಡೆ ಹಿತವಲ್ಲ. ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ವಿಮೆಯಿರುವ ಕ್ರೆಡಿಟ್ ಯೂನಿಯನ್‌ಗಳು, ಠೇವಣಿ ಸ್ವೀಕರಿಸುವ ಅಥವಾ ಖಾತೆ ತೆರೆಯುವ ಜಾಲಪುಟದಲ್ಲಿ ಕ್ರೆಡಿಟ್ ಯೂನಿಯನ್‌ಗಳ ಮೇಲ್ವಿಚಾರಣೆ ಮಾಡುವ ಎನ್‌ಸಿಯುಎ ಸಂಸ್ಥೆಯ ಅಧಿಕೃತ ಚಿಹ್ನೆಯನ್ನು ತೋರಿಸಬೇಕು. ಅಂಥ ಚಿಹ್ನೆ ಚಿಕ್ಕ ಪರದೆಯಲ್ಲಿ ಅಂಚು ಕತ್ತರಿಸಿಕೊಂಡು ನಿಂತರೆ ಅಂದ ಕೆಡುವುದಷ್ಟೇ ಅಲ್ಲ, ನಿಯಮದ ಪ್ರಶ್ನೆಯೂ ಏಳುತ್ತದೆ. ಲಾಂಛನ, ವಿಮೆಯ ಚಿಹ್ನೆಗಳನ್ನು ಈ ಸೇವೆಯಿಂದ ಹೊರಗಿಟ್ಟು ಜಾಲತಾಣದ ಜೊತೆಯಲ್ಲೇ ಇರಿಸುವುದು ಒಳ್ಳೆಯದು.

ಪೂರ್ಣ ಪ್ರಮಾಣದ ಆಸ್ತಿ ನಿರ್ವಹಣಾ ವ್ಯವಸ್ಥೆ

ಇಲ್ಲಿ ಆಸ್ತಿ ಎಂದರೆ ಚಿತ್ರದಂಥ ಡಿಜಿಟಲ್ ಕಡತಗಳು. ಡಿಜಿಟಲ್ ಅಸೆಟ್ ಮ್ಯಾನೇಜ್‌ಮೆಂಟ್ ಎಂಬುದನ್ನು ಡ್ಯಾಮ್ ಎಂದು ಚಿಕ್ಕದಾಗಿಸಿ ಕರೆಯುವ ಈ ತಂತ್ರಾಂಶಗಳು ಪ್ರತಿ ಚಿತ್ರಕ್ಕೂ ಒಂದು ಜಾತಕವನ್ನೇ ಇಡುತ್ತವೆ: ತೆಗೆದವರು ಯಾರು, ಪರವಾನಗಿ ಯಾವುದು, ಒಪ್ಪಿಗೆ ಪತ್ರ ಎಲ್ಲಿದೆ, ಯಾವಾಗ ಅವಧಿ ಮುಗಿಯುತ್ತದೆ. ಗಡುವು ಬಂದಾಗ ಎಚ್ಚರಿಸುವ ಸೌಲಭ್ಯವೂ ಇರುತ್ತದೆ. ರಿಸೋರ್ಸ್‌ಸ್ಪೇಸ್‌ನಂಥ ಮುಕ್ತ ತಂತ್ರಾಂಶವನ್ನು ಸ್ವಂತ ಸರ್ವರಿನಲ್ಲಿ ಹಾಕಿಕೊಂಡರೆ ಪರವಾನಗಿ ಶುಲ್ಕವಿಲ್ಲ, ಆದರೆ ಆ ಸರ್ವರನ್ನು ಯಾರಾದರೂ ಕಾಯಬೇಕು.

ಕೇಳಲು ನನ್ನ ಮೊದಲ ಅಳತೆಗೋಲಿಗೆ ಹೇಳಿ ಮಾಡಿಸಿದ ಹಾಗಿದೆ. ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಿ: ಇಲ್ಲಿಂದ ಜಾಲತಾಣಕ್ಕೆ ಚಿತ್ರ ಆರಿಸಿದಾಗ ಕೊಂಡಿ ಹೋಗುತ್ತದೆಯೋ, ಪ್ರತಿ ಹೋಗುತ್ತದೆಯೋ? ಪ್ರತಿ ಹೋಗುವ ವ್ಯವಸ್ಥೆಯಾದರೆ, ಇಲ್ಲಿ 'ಅವಧಿ ಮುಗಿದಿದೆ' ಎಂದು ಕೆಂಪು ದೀಪ ಉರಿಯುತ್ತಿದ್ದರೂ ಅಲ್ಲಿ ಚಿತ್ರ ನಗುತ್ತಲೇ ಇರುತ್ತದೆ. ಆಗ ಕೈಯಿಂದಲೇ ತೆಗೆಯಬೇಕು. ಅದಕ್ಕೆ ಒಂದು ಸ್ಪ್ರೆಡ್‌ಶೀಟ್ ಸಾಕಿತ್ತು.

ಹಲವು ಶಾಖೆಗಳಿದ್ದು ಪ್ರತಿ ಶಾಖೆಯಿಂದಲೂ ಫೋಟೊ ಬರುತ್ತಿದ್ದರೆ, ಜಾಲತಾಣದ ಜೊತೆ ಮೊಬೈಲ್ ಆ್ಯಪ್, ಮುದ್ರಿತ ವರದಿ, ಶಾಖೆಯ ಟಿವಿ ಪರದೆ ಎಲ್ಲಕ್ಕೂ ಒಂದೇ ಚಿತ್ರಗಳು ಬೇಕಿದ್ದರೆ, ಇದಕ್ಕೆ ಮಾಡಿದ ಖರ್ಚು ವಸೂಲಾಗುತ್ತದೆ. ಒಂದೆರಡು ಶಾಖೆಯವರಿಗೆ ಬೇಡ.

ಗುತ್ತಿಗೆ ಕಂಪನಿಯ ಕೈಯಲ್ಲಿರುವ ಜಾಲತಾಣ

ಹಲವು ಕ್ರೆಡಿಟ್ ಯೂನಿಯನ್‌ಗಳಿಗೆ ಮೇಲಿನ ಯಾವ ಆಯ್ಕೆಯೂ ನೇರವಾಗಿ ಸಿಗುವುದಿಲ್ಲ. ಜಾಲತಾಣ ಹೊರಗಿನ ಕಂಪನಿಯದು, ಚಿತ್ರವನ್ನು ಇಮೇಲಿನಲ್ಲಿ ಕಳಿಸಿ ಕಾಯಬೇಕು. ನೆಮ್ಮದಿಯೂ ಇದೆ: ಗಾತ್ರ, ವೇಗ, ಭದ್ರತೆ ಅವರ ತಲೆಬಿಸಿ. ಆದರೆ ಶುಕ್ರವಾರ ಸಂಜೆ ಒಂದು ಫೋಟೊವನ್ನು ತುರ್ತಾಗಿ ತೆಗೆಯಬೇಕಾಗಿ ಬಂದಾಗ ಆ ನೆಮ್ಮದಿ ಉಳಿಯುವುದು ಕಷ್ಟ. ಒಪ್ಪಂದ ನವೀಕರಣದ ಸಮಯದಲ್ಲಿ ಎರಡು ಸಾಲು ಸೇರಿಸಲು ಹಠ ಹಿಡಿಯಿರಿ. ತೆಗೆಯಿರಿ ಎಂದ ಚಿತ್ರ ಎಷ್ಟು ಗಂಟೆಯೊಳಗೆ ಹೋಗಬೇಕು, ಒಪ್ಪಂದ ಮುಗಿದಾಗ ಎಲ್ಲ ಮೂಲಕಡತಗಳೂ ಹಿಂದಿರುಗಬೇಕು. ಇಮೇಲಿನಲ್ಲಿ ಕಳಿಸಿದ್ದನ್ನೆಲ್ಲ ನಿಮ್ಮ ಫೋಲ್ಡರಿನಲ್ಲೂ ಇಟ್ಟುಕೊಳ್ಳುವ ರೂಢಿ ಇದ್ದರೆ ಎರಡನೆಯ ಸಾಲಿನ ಭಯ ಅಷ್ಟಿರುವುದಿಲ್ಲ.

ಯಾರಿಗೆ ಯಾವುದು

ಒಬ್ಬರೇ ನೋಡಿಕೊಳ್ಳುವ ಸಣ್ಣ ಸಂಸ್ಥೆಗೆ ಜಾಲತಾಣದ ಲೈಬ್ರರಿ, ಸಂಸ್ಥೆಯ ಹೆಸರಿನ ಕ್ಲೌಡ್ ಫೋಲ್ಡರ್ ಮತ್ತು ಒಂದು ಸ್ಪ್ರೆಡ್‌ಶೀಟ್. ಇವು ಮೂರು ಸೇರಿದರೆ ದುಬಾರಿ ತಂತ್ರಾಂಶದ ಮುಕ್ಕಾಲು ಕೆಲಸ ಆಗುತ್ತದೆ ಎಂಬುದು ನನ್ನ ಅನಿಸಿಕೆ. ಸ್ಪ್ರೆಡ್‌ಶೀಟಿನಲ್ಲಿ ಕಡತದ ಹೆಸರು, ಅದರಲ್ಲಿರುವ ಜನ, ಒಪ್ಪಿಗೆ ಪತ್ರದ ಜಾಗ, ಬಳಸಿದ ಪುಟಗಳು, ತೆಗೆಯಬೇಕಾದ ದಿನಾಂಕ ಇರಲಿ. ಬಳಸಿದ ಪುಟಗಳ ಕಾಲಂ ಬೇಸರದ್ದು, ಎಲ್ಲರೂ ಬಿಟ್ಟುಬಿಡುತ್ತಾರೆ. ವರ್ಡ್‌ಪ್ರೆಸ್ ಕೊಡದ ಮಾಹಿತಿ ಅದು ಎಂಬುದನ್ನು ನೆನೆದು ತುಂಬಿಸಿ.

ಸದಸ್ಯರಲ್ಲಿ ಬಹುಪಾಲು ಜನ ನಿಧಾನದ ಮೊಬೈಲ್ ಸಂಪರ್ಕದಲ್ಲಿದ್ದು, ಪುಟಗಳು ಚಿತ್ರಗಳಿಂದ ತುಂಬಿದ್ದರೆ, ಮೇಲಿನ ಜೋಡಣೆಗೆ ಚಿತ್ರ ಹಂಚುವ ಸೇವೆಯನ್ನು ಸೇರಿಸುವುದರಲ್ಲಿ ಅರ್ಥವಿದೆ. ಚಿತ್ರಗಳು ಕಡಿಮೆಯಿದ್ದರೆ ಆ ಹಣ ಉಳಿಸಿ, ಸ್ಕ್ವೂಶ್‌ನಂಥ ಉಚಿತ ಸಾಧನದಲ್ಲಿ ಹಗುರಗೊಳಿಸಿ ಏರಿಸಿ. ಅದು ಬ್ರೌಸರಿನಲ್ಲೇ ಕೆಲಸ ಮಾಡುವುದರಿಂದ ಫೋಟೊ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಬ್ಯಾನರಿಗೆ 2000 ಪಿಕ್ಸೆಲ್ ಅಗಲ ಧಾರಾಳ, ಭಾವಚಿತ್ರಕ್ಕೆ 600 ಸಾಕು. ಫೋಟೊಗೆ ವೆಬ್‌ಪಿ ಅಥವಾ ಜೆಪೆಗ್, ಲಾಂಛನಕ್ಕೆ ಎಸ್‌ವಿಜಿ (ಪಿಕ್ಸೆಲ್ ಬದಲು ಗೆರೆ, ಆಕಾರಗಳಿಂದ ಕಟ್ಟಿದ ಚಿತ್ರದ ಬಗೆ). ಎಸ್‌ವಿಜಿ ಕಡತದೊಳಗೆ ಸ್ಕ್ರಿಪ್ಟ್ ಬಚ್ಚಿಡಲು ಸಾಧ್ಯವಿರುವುದರಿಂದ ವರ್ಡ್‌ಪ್ರೆಸ್ ಅದನ್ನು ತಾನಾಗಿ ಸ್ವೀಕರಿಸುವುದಿಲ್ಲ. ಡೆವಲಪರಿಂದಲೇ ಹಾಕಿಸಿ, ಎಲ್ಲರಿಗೂ ಅನುಮತಿ ತೆರೆಯಬೇಡಿ.

ಶಾಖೆಗಳು ಹಲವಿದ್ದು, ನಿಯಮಪಾಲನೆ ನೋಡುವ ಅನುಸರಣೆ ವಿಭಾಗದವರು ಪ್ರತಿ ಜಾಹೀರಾತನ್ನೂ ನೋಡಿ ಸಹಿ ಹಾಕುವ ಪದ್ಧತಿ ಇದ್ದರೆ ಡ್ಯಾಮ್ ಕಡೆಗೇ ಹೋಗಿ. ಯಾರು ಯಾವಾಗ ಒಪ್ಪಿದರು ಎಂಬ ದಾಖಲೆ ಅಲ್ಲಿ ಸಿಗುವಷ್ಟು ಅಚ್ಚುಕಟ್ಟಾಗಿ ಇನ್ನೆಲ್ಲೂ ಸಿಗುವುದಿಲ್ಲ.

ಹೆಸರಿಡುವುದು, ಸಾಗಿಸುವುದು

ಯಾವ ವ್ಯವಸ್ಥೆಯಾದರೂ ಕಡತದ ಹೆಸರು ವರ್ಷ, ತಿಂಗಳು, ದಿನದಿಂದ ಶುರುವಾಗಲಿ. ಆಮೇಲೆ ಕಾರ್ಯಕ್ರಮ, ಶಾಖೆ, ಕ್ರಮಸಂಖ್ಯೆ. ನಡುವೆ ಖಾಲಿ ಜಾಗದ ಬದಲು ಅಡ್ಡಗೆರೆ, ಅಕ್ಷರಗಳೆಲ್ಲ ಇಂಗ್ಲಿಷಿನ ಸಣ್ಣಕ್ಷರ. ಬೇರೆ ಲಿಪಿಯ ಹೆಸರುಗಳು ಕೊಂಡಿಯಲ್ಲಿ ಶೇಕಡಾ ಚಿಹ್ನೆಗಳ ಉದ್ದನೆಯ ಸರಮಾಲೆಯಾಗಿಬಿಡುತ್ತವೆ. ಸದಸ್ಯರ ಹೆಸರನ್ನಾಗಲಿ ಸದಸ್ಯತ್ವ ಸಂಖ್ಯೆಯನ್ನಾಗಲಿ ಕಡತದ ಹೆಸರಿನಲ್ಲಿ ಸೇರಿಸಬೇಡಿ, ಅದು ಕೊಂಡಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಚಿತ್ರ ಬದಲಿಸಿದಾಗ ಹಳೆಯ ಹೆಸರನ್ನೇ ಕೊಡದೆ ಹೊಸ ಸಂಖ್ಯೆ ಕೊಟ್ಟರೆ ಬ್ರೌಸರುಗಳಲ್ಲಿ ಉಳಿದ ಹಳೆಯ ಪ್ರತಿ ಕಾಡುವುದಿಲ್ಲ.

ಹೊಸ ವ್ಯವಸ್ಥೆಗೆ ಬದಲಾಗುವಾಗ ಹಳೆಯ ಸಂಗ್ರಹವನ್ನೆಲ್ಲ ಹೊತ್ತೊಯ್ಯಬೇಡಿ. ಈಗ ಪುಟಗಳಲ್ಲಿ ಕಾಣುತ್ತಿರುವ ಚಿತ್ರಗಳನ್ನಷ್ಟೇ ಸಾಗಿಸಿ, ಸಾಗಿಸುವಾಗಲೇ ಪರ್ಯಾಯ ಪಠ್ಯ ಬರೆಯಿರಿ, ಸ್ಥಳದ ಗುರುತುಗಳನ್ನು ಅಳಿಸಿ. ಉಳಿದವುಗಳ ಮೂಲ ಕ್ಲೌಡ್ ಫೋಲ್ಡರಿನಲ್ಲಿರಲಿ, ಸರ್ವರಿನಿಂದ ತೆಗೆದುಹಾಕಿ. ಸದಸ್ಯರಿಗೆ ಕಳಿಸಿದ ಹಳೆಯ ಇಮೇಲ್ ಸುದ್ದಿಪತ್ರಗಳು ಹಲವು ಬಾರಿ ಚಿತ್ರಗಳನ್ನು ಜಾಲತಾಣದಿಂದಲೇ ಎಳೆದುಕೊಳ್ಳುತ್ತಿರುತ್ತವೆ. ಅಂಥ ಲಾಂಛನ, ಬ್ಯಾನರುಗಳ ಹಳೆಯ ವಿಳಾಸವನ್ನು ಹೊಸದಕ್ಕೆ ತಿರುಗಿಸುವ ವ್ಯವಸ್ಥೆ ಮಾಡಿ, ಆಮೇಲೆ ಹಳೆಯದನ್ನು ಮುಚ್ಚಿ.